ಬೇಸದಲ್ಲಿ ಇದ್ದರು

ಎರ್ಮಾಳಿನ ಬಸ್‌ಸ್ಟಾಪಿನ ಗೂಡಂಗಡಿಯಲ್ಲಿ ಅರ್ಧ ಗಂಟೆಯಿಂದ ತಲೆ ಚಚ್ಚಿಕೊಳ್ಳುತ್ತಿದ್ದೇನೆ. ಬಹರೈನಿನಲ್ಲಿ ಬ್ರಿಟಿಷರ ವಾಯುನೆಲೆ ಇದ್ದಾಗ ಅಲ್ಲಿ ಅಡುಗೆ ಮಾಡಿದ್ದ ಶೀನಣ್ಣನ ಮನೆ ನನಗೆ ಬೇಕು. ಆ ನೆಲೆಯ ಚರಿತ್ರೆ ಬರೆಯುತ್ತಿದ್ದೇನೆ. ಸಿಕ್ಕ ಪುಸ್ತಕಗಳಲ್ಲೆಲ್ಲ ವಿಮಾನಗಳ ಹೆಸರುಂಟೇ ಹೊರತು ಅನ್ನ ಬೇಯಿಸಿದವರ ಹೆಸರಿಲ್ಲ. "ಬನ್ನಿ, ಎಲ್ಲ ಹೇಳುತ್ತೇನೆ" ಎಂದು ಶೀನಣ್ಣ ಕಾಗದ ಬರೆದದ್ದು ಬೇಸಿಗೆಯಲ್ಲಿ. ಕರಾವಳಿಯ ಸೆಕೆ ಇಳಿಯಲಿ ಎಂದು ನಾನೇ ಮಳೆಗಾಲಕ್ಕೆ ಮುಂದೂಡಿದ್ದೆ.

"ಬೇಸ್‌ನಲ್ಲಿ ಇದ್ದರಲ್ಲ, ಆ ಶೀನಣ್ಣ," ಎಂದೆ.

"ಹೌದು, ಬೇಸದಲ್ಲಿ ಇದ್ದರು," ಎಂದರು ಅಂಗಡಿಯವರು.

ಸದ್ಯ, ಒಬ್ಬರಿಗಾದರೂ ಗೊತ್ತಲ್ಲ ಎಂದುಕೊಂಡು 'ಬೇಸ್‌ನಲ್ಲಿದ್ದದ್ದು ಖಚಿತ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

"ಈಗ?"

"ಈಗ ಆಟಿ ಅಲ್ವಾ?"

"ಆಟ ಅಲ್ಲ ಸ್ವಾಮಿ, ಮನೆ ಎಲ್ಲಿ ಅಂತ ಕೇಳ್ತಾ ಇದ್ದೀನಿ."

"ಮನೆ ಅಲ್ಲೇ ಉಂಟು. ಮನೆಗೆ ಹೋಗಿ ಎಂತ ಮಾಡ್ತೀರಿ?"

ನನಗೆ ರೇಗಿತು. ಬೇಸ್ ಎಂದರೆ ವಿಮಾನ ಇಳಿಯುವ ಜಾಗ ಎಂದು ಎರಡೂ ಕೈ ರೆಕ್ಕೆಯಂತೆ ಚಾಚಿ ತೋರಿಸಿದೆ. ಅಂಗಡಿಯವರು ಇನ್ನಷ್ಟು ಕಂಗಾಲಾದರು. ಮೀನಿನ ಬುಟ್ಟಿ ಇಳಿಸಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ನನ್ನ ಕೈಗಳನ್ನೇ ನೋಡುತ್ತಿದ್ದವರು ನಿಧಾನವಾಗಿ ಹೇಳಿದರು.

"ಬೇಸ, ಆಟಿ ಎಲ್ಲ ನಮ್ಮ ತುಳು ತಿಂಗಳು ಮಾರಾಯ್ರೆ. ಶೀನಣ್ಣ ಬೇಸದಲ್ಲಿ ಇದ್ದರು. ಮಳೆ ಹಿಡಿದ ಮೇಲೆ ತೀರಿಹೋದರು."

ಚಾಚಿದ ಕೈಗಳನ್ನು ಇಳಿಸಿದೆ.

"ಬೇಸ ಅಂದ್ರೆ ಯಾವಾಗ?"

"ಸೆಕೆ ಇರುವಾಗ," ಎಂದರು.