ಅಕ್ತರ್ ಬೀಯ ಬೆರಳುಗಳು

ಗಾಜು ಸಿಡಿದ ಸದ್ದಿಗೆ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಮಲಗಿದ್ದ ಎರಡು ನಾಯಿಗಳು ಎದ್ದು ಓಡಿದವು. ಎದುರು ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದವರು ಎಂಜಲು ಕೈಯಲ್ಲೇ ಹೊರಗೆ ಬಂದರು. ಕಾರಿನ ಮಾಲೀಕ, ಬೇಗೂರಿನ ಮಹದೇವಪ್ರಸಾದ್, ಕೈಯಲ್ಲಿದ್ದ ಬನ್ನು ಬಿಸಾಕಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿಬಿಟ್ಟ.

"ಯಾವನ್ಲಾ ಅದು ಗುಂಡ್ ಒಡ್ದೋನು!"

ಗುಂಡು ಯಾರೂ ಹೊಡೆದಿರಲಿಲ್ಲ. ಅವನ ಬಿಳಿ ಕಾರಿನ ಹಿಂದೆ ಅಕ್ತರ್ ಬೀ ಗರ ಬಡಿದವಳಂತೆ ನಿಂತಿದ್ದಳು. ಬಲಗೈಯಲ್ಲಿ ಹೀಟ್ ಗನ್ ಇನ್ನೂ ಬಿಸಿ ಗಾಳಿ ಉಗುಳುತ್ತಿತ್ತು. ಎಡಗೈ ಮುಂದಕ್ಕೆ ಚಾಚಿಕೊಂಡೇ ಇತ್ತು. ಒಂದು ಕ್ಷಣದ ಹಿಂದೆ ಆ ಕೈಯ ಕೆಳಗೆ ಕಾರಿನ ಹಿಂದಿನ ಗಾಜು ಇತ್ತು. ಈಗ ಅದು ಜೋಳದ ಕಾಳಿನಷ್ಟು ಸಣ್ಣ ತುಂಡಾಗಿ ಸೀಟಿನ ಮೇಲೆ, ಡಿಕ್ಕಿಯ ಮೇಲೆ, ಅವಳ ಚಪ್ಪಲಿಯ ಸುತ್ತ ಬಿದ್ದಿತ್ತು.

"ಗನ್ ಆಫ್ ಮಾಡಿ ಅಕ್ಕ! ಮೊದ್ಲು ಗನ್ ಆಫ್ ಮಾಡಿ!" ಎಂದು ಅಂಗಡಿಯ ಸೋಮಯ್ಯ ಒಳಗಿನಿಂದ ಓಡಿಬಂದ. ಮೂರು ತಿಂಗಳಿಂದ ದಿನವೂ ಒತ್ತುತ್ತಿದ್ದ ಸ್ವಿಚ್ಚು ಆಗ ಅವಳಿಗೆ ಸಿಗಲಿಲ್ಲ. ಕೊನೆಗೆ ಅವನೇ ಗೋಡೆಯಿಂದ ಪ್ಲಗ್ ಕಿತ್ತ.

"ಏಟಾಯ್ತಾ?"

"ಇಲ್ಲ."

"ಏನ್ ಮಾಡ್ಬುಟ್ರಿ ಅಕ್ಕ?"

"ನೀನ್ ಹೇಳ್ಕೊಟ್ಟಂಗೇ ಮಾಡ್ದೆ ಸೋಮಯ್ಯ. ಅಲ್ಲಾನ ಮೇಲಾಣೆ, ನೀನ್ ಹೇಳ್ಕೊಟ್ಟಂಗೇ ಮಾಡ್ದೆ."

ಅವಳು ಹೇಳಿದ್ದು ನಿಜ. ಆದರೆ ಒಡೆದ ಗಾಜಿನ ಮುಂದೆ ನಿಂತು ಹೇಳುವ ನಿಜವನ್ನು ಯಾರು ನಂಬುತ್ತಾರೆ?

ಅಕ್ತರ್ ಬೀಗೆ ನಲವತ್ತೆಂಟು ವರ್ಷ. ಚಾಮರಾಜನಗರದವಳು. ಹನ್ನೆರಡನೆಯ ವಯಸ್ಸಿಗೆ ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ಸೇರಿದವಳು ಮೂವತ್ತನಾಲ್ಕು ವರ್ಷ ಅಲ್ಲೇ ಸವೆದಳು. ಆ ಕೆಲಸ ನೋಡದವರಿಗೆ ಹೇಳುತ್ತೇನೆ: ಕುದಿಯುವ ನೀರಿನ ಬಾನಿಯಲ್ಲಿ ರೇಷ್ಮೆಗೂಡುಗಳು ತೇಲುತ್ತಿರುತ್ತವೆ. ಆ ನೀರಿಗೆ ಬೆರಳು ಹಾಕಿ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹುಡುಕಿ, ಎತ್ತಿ, ರಾಟೆಗೆ ಕೊಡಬೇಕು. ಬೇರೆ ಹೆಂಗಸರು ತಡಕಾಡುವಷ್ಟರಲ್ಲಿ ಅಕ್ತರ್ ಬೀ ಪಕ್ಕದವಳ ಹತ್ತಿರ ಹರಟುತ್ತಲೇ ನಾಲ್ಕು ಎಳೆ ಎತ್ತಿರುತ್ತಿದ್ದಳು. ಓದು ಬರಹ ಇಲ್ಲ, ಬಣ್ಣ ರೂಪ ಅಷ್ಟಕ್ಕಷ್ಟೇ. ಕೈ ಮಾತ್ರ ಇಡೀ ಶೆಡ್ಡಿಗೆ ಒಂದೇ. ಆ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ, ದುಡಿದ ಕೈಯ ಬಗ್ಗೆ ಜಂಬ ಪಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಎರಡು ವರ್ಷದ ಹಿಂದೆ ಶೆಡ್ಡು ಮುಚ್ಚಿತು. ಗಂಡ ಅಪ್ಸರ್ ಪಾಷಾ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಯಾರೋ ಹೇಳಿದರು ಎಂದು ದಿನಾ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬಂದು ಸೋಮಯ್ಯನ ಅಂಗಡಿಯಲ್ಲಿ ಕಾರು ತೊಳೆಯತೊಡಗಿದಳು. ಬಂಡೀಪುರದ ದಾರಿ, ಊಟಿಗೂ ಕೇರಳಕ್ಕೂ ಹೋಗುವ ಕಾರುಗಳಿಗೆ ಬರವಿಲ್ಲ. ಒಂದು ದಿನ ಸೋಮಯ್ಯ ಹೊಸದಾಗಿ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ ಕಾರಿನ ಕಿಟಕಿಯ ಮೇಲೆ ಅವಳು ಸುಮ್ಮನೆ ಬೆರಳಾಡಿಸಿ, "ಇಲ್ಲಿ ಕೂದ್ಲೈತೆ" ಎಂದಳು. ಅವನಿಗೆ ಕಾಣಲಿಲ್ಲ. ಟಾರ್ಚು ಬಿಟ್ಟು ನೋಡಿದರೆ ಫಿಲ್ಮಿನ ಅಡಿಯಲ್ಲಿ ಅರ್ಧ ಇಂಚಿನ ಒಂದು ಕೂದಲು! ಸೋಮಯ್ಯ ಬಾಯಿ ಬಿಟ್ಟುಕೊಂಡು ಅವಳ ಕೈ ನೋಡಿದ.

"ಅಕ್ಕ, ಈ ಕೈಲಿ ಬಕೆಟ್ ಇಡ್ಕಂಡು ಓಡಾಡ್ತಿದ್ದೀರಲ್ಲ! ಫಿಲ್ಮ್ ಕೆಲ್ಸ ಕಲೀರಿ" ಎಂದ.

ಕಲಿತಳು. ಗಾಜಿಗೆ ಶಾಂಪೂ ನೀರು ಸಿಂಪಡಿಸಿ ಬ್ಲೇಡಿನಿಂದ ಜಿಡ್ಡು ಕೆರೆಯುವುದು, ಪೊಲೀಸರು ತಡೆಯದಂಥ ತಿಳಿ ಫಿಲ್ಮನ್ನು ಅಳತೆಗೆ ಕತ್ತರಿಸುವುದು, ಹಿಂಬದಿಯ ಹಾಳೆ ಬಿಡಿಸಿ ಅಂಟನ್ನು ಒದ್ದೆ ಮಾಡಿ ಕೂರಿಸುವುದು, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳುವುದು. ಪಕ್ಕದ ಕಿಟಕಿಗಳು ತಿಂಗಳೊಳಗೆ ಅವಳ ಕೈವಶವಾದವು. ಉಳಿದದ್ದು ಹಿಂದಿನ ಗಾಜು. ಅದು ಎರಡು ಕಡೆಗೂ ಬಾಗಿರುತ್ತದೆ. ಚಪ್ಪಟೆ ಫಿಲ್ಮನ್ನು ಹೊದಿಸಿದರೆ ಸುಕ್ಕು ಏಳುತ್ತದೆ. ಮೊದಲು ಹೊರಗಡೆಯಿಂದ ಹಾಸಿ, ಹೀಟ್ ಗನ್ನಿನಿಂದ ಕಾಯಿಸಿ, ಗಾಜಿನ ಆಕಾರಕ್ಕೆ ಕುಗ್ಗಿಸಿಕೊಂಡು ಆಮೇಲೆ ಒಳಗೆ ಅಂಟಿಸಬೇಕು. ಕಡಿಮೆ ಕಾದರೆ ಸುಕ್ಕು ಹೋಗುವುದಿಲ್ಲ, ಹೆಚ್ಚು ಕಾದರೆ ಗಾಜು ಉಳಿಯುವುದಿಲ್ಲ.

ಅದಕ್ಕೆ ಸೋಮಯ್ಯ ಹೇಳಿಕೊಟ್ಟದ್ದು ಒಂದೇ ಸೂತ್ರ: "ಬಲಗೈಲಿ ಗನ್ನು, ಎಡಗೈ ಗಾಜಿನ ಮೇಲೆ. ಎಡಗೈ ತಡ್ಕಳಕ್ಕಾಗಲ್ಲ ಅಂದಾಗ ಗನ್ ಎತ್ಬುಡಿ." ಜೊತೆಗೆ ಇನ್ನೊಂದು ಮಾತನ್ನೂ ಕೊಟ್ಟಿದ್ದ. ಹಿಂದಿನ ಗಾಜನ್ನು ಒಬ್ಬಳೇ ಕೂರಿಸಿದ ದಿನ ಅವಳು ತೊಳೆಯುವವಳಲ್ಲ, ಅಂಗಡಿಯ ಮೇಸ್ತ್ರಿ. ನಲವತ್ತೆಂಟಕ್ಕೆ ಮತ್ತೊಮ್ಮೆ ಕೈಗೊಂದು ಕಸುಬು, ಕಸುಬಿಗೊಂದು ಹೆಸರು. ಅಕ್ತರ್ ಬೀ ಆ ದಿನಕ್ಕಾಗಿ ಜೀವ ಹಿಡಿದುಕೊಂಡಿದ್ದಳು, ಆ ದಿನ ಹೀಗೆ ಢಮಾರೆಂದಿತು.

ಮಹದೇವಪ್ರಸಾದ್ ಎದ್ದುನಿಂತು ಕಾರಿನೊಳಗೆ ಇಣುಕಿದ. "ಒಳೀಕ್ ಯಾರೂ ನೋಡ್ಬಾರ್ದು ಅಂತ ಫಿಲ್ಮ್ ಆಕ್ಸಕ್ ಬಂದ್ರೆ ಗಾಜೇ ತೆಗ್ದ್ಬುಟ್ರಲ್ಲಪ್ಪಾ! ಈಗ ಇಡೀ ಬೇಗೂರೇ ನೋಡ್ಬೋದು" ಎಂದು ಗಂಟಲು ಹರಿದುಕೊಂಡ. ಸೋಮಯ್ಯ ಹೊಸ ಗಾಜು ತನ್ನದೇ ಎಂದು ಕೈಮುಗಿದು, ಆ ಜಾಗಕ್ಕೊಂದು ಪ್ಲಾಸ್ಟಿಕ್ ಹಾಳೆ ಬಿಗಿದು ಕಳಿಸುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ ಅಕ್ತರ್ ಬೀಯ ಕಡೆ ತಿರುಗಿದ.

"ಎಡಗೈ ಇಟ್ಟಿದ್ರಾ, ಇಲ್ವಾ?"

"ಇಟ್ಟಿದ್ದೆ."

"ಸುಳ್ಳೇಳ್ಬೇಡಿ ಅಕ್ಕ. ಗಾಜು ಒಡ್ಯೋ ಅಷ್ಟು ಕಾದಿದ್ರೆ ಯಾರ್ ಕೈಯೂ ನಿಲ್ಲಕ್ಕಿಲ್ಲ."

"ನನ್ ಕೈಗೆ ಬಿಸೀನೇ ಆಗ್ಲಿಲ್ಲ ಸೋಮಯ್ಯ! ನನ್ ಕೈ ಸುಳ್ಳೇಳ್ತದಾ?"

ಸೋಮಯ್ಯ ಮುಖ ತಿರುಗಿಸಿದ. "ನಾಳೆಯಿಂದ ತೊಳ್ಯೋ ಕೆಲ್ಸ ನೋಡ್ಕಳಿ" ಎಂದ. ಅಕ್ತರ್ ಬೀಗೆ ಕಪಾಳಕ್ಕೆ ಹೊಡೆದಂತಾಯಿತು. ಕೆಲಸ ಹೋದದ್ದಕ್ಕಿಂತ ಸುಳ್ಳಿ ಎನಿಸಿಕೊಂಡದ್ದು ಹೆಚ್ಚು ಉರಿಯಿತು.

ಹೋಟೆಲಿನವನು ಅಷ್ಟರಲ್ಲಿ ಎರಡು ಸ್ಟೀಲ್ ಲೋಟದಲ್ಲಿ ಚಾ ತಂದಿಟ್ಟು ಹೋದ. ಒಲೆಯಿಂದ ಇಳಿಸಿದ ಹಾಗೇ ಸುರಿದದ್ದು. ಸೋಮಯ್ಯ ಯೋಚನೆಯಲ್ಲೇ ಕೈ ಹಾಕಿ, "ಅಯ್ಯಪ್ಪಾ!" ಎಂದು ಬೆರಳನ್ನು ಕಿವಿಗೆ ಒತ್ತಿಕೊಂಡ. ಹಾಗೇ ಎದುರಿಗೆ ನೋಡಿದ. ಅಕ್ತರ್ ಬೀ ತನ್ನ ಲೋಟವನ್ನು ಐದು ಬೆರಳಿನಲ್ಲೂ ಸುತ್ತಿ ಹಿಡಿದು, ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು.

"ಅಕ್ಕ... ಸುಡ್ತಿಲ್ವಾ?"

"ಏನು?"

"ಲೋಟ."

ಅವಳು ಲೋಟ ನೋಡಿದಳು, ಅದರಿಂದ ಏಳುತ್ತಿದ್ದ ಹಬೆ ನೋಡಿದಳು. "ಬೆಚ್ಚಗಿದೆ" ಎಂದಳು.

ಸೋಮಯ್ಯ ಎದ್ದು ಬಂದ. ಒಂದು ಬಟ್ಟೆಯಲ್ಲಿ ಲೋಟವನ್ನು ಹಿಡಿದು ಅವಳ ಕೈಯಿಂದ ಬಿಡಿಸಿಕೊಂಡು, ಅವಳ ಮಣಿಕಟ್ಟಿನ ಒಳಮೈಗೆ, ಬಳೆ ಕೂರುವ ಜಾಗಕ್ಕೆ, ಸುಮ್ಮನೆ ತಾಗಿಸಿದ. ಅಕ್ತರ್ ಬೀ ಚೀರಿ ಎರಡು ಹೆಜ್ಜೆ ಹಿಂದೆ ಹಾರಿದಳು. ಅಲ್ಲಿ ಕೆಂಪಗೆ ಗುಂಡನೆಯ ಗುರುತು ಮೂಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬೆರಳಿಗೆ ಬೆಚ್ಚಗಿದ್ದದ್ದು, ನಾಲ್ಕು ಅಂಗುಲ ಮೇಲೆ ಬೆಂಕಿ!

ಸೋಮಯ್ಯ ಅವಳ ಬೆರಳ ತುದಿಗಳನ್ನು ಬೆಳಕಿಗೆ ಹಿಡಿದ. ಒಂದು ಗೆರೆಯೂ ಇರಲಿಲ್ಲ, ನುಣ್ಣಗೆ ಹೊಳೆಯುತ್ತಿದ್ದವು. ರೇಷನ್ ಅಂಗಡಿಯ ಯಂತ್ರ ತನ್ನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ ಎಂದು ಅವಳು ತಿಂಗಳಿಗೊಮ್ಮೆ ಬೈಯುತ್ತಿದ್ದದ್ದು ಅವನಿಗೆ ಆಗ ಅರ್ಥವಾಯಿತು. ಕುದಿಯುವ ನೀರು ಆ ಬೆರಳುಗಳಿಗೆ ಎಳೆಯನ್ನು ಹುಡುಕುವುದು ಕಲಿಸಿತ್ತು, ಬಿಸಿಯನ್ನು ಮರೆಸಿಬಿಟ್ಟಿತ್ತು.

"ತಪ್ಪಾಯ್ತು ಅಕ್ಕ, ಸುಳ್ಳು ಅಂದ್ಬುಟ್ಟೆ" ಎಂದ ಸೋಮಯ್ಯ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಬೆರ್ಳ್ ಬ್ಯಾಡ. ಮಣಿಕಟ್ಟು ಇಟ್ ನೋಡಿ. ಸೋಮವಾರ ಮೈಸೂರಿಂದ ಗಾಜು ಬತ್ತದೆ. ಅದಕ್ ಫಿಲ್ಮ್ ಆಕೋರು ನೀವೇ" ಎಂದ.

ಕೆಲಸ ಉಳಿಯಿತು. ಮಾತಿನ ಮಾನ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಬಸ್ಸಿನಲ್ಲಿ ನಗುತ್ತಾ ಹೋಗುತ್ತಿದ್ದರು. ಅಕ್ತರ್ ಬೀಯೂ ತೆರಕಣಾಂಬಿಯವರೆಗೆ ಸಮಾಧಾನದಿಂದಲೇ ಕೂತಿದ್ದಳು. ತೆರಕಣಾಂಬಿಯಲ್ಲಿ ಕೂಸನ್ನೆತ್ತಿಕೊಂಡ ಒಬ್ಬ ಹೆಂಗಸು ಹತ್ತಿ ಪಕ್ಕದಲ್ಲಿ ಕೂತಳು. ಕೂಸು ಅತ್ತಿತು. ಆಕೆ ಫ್ಲಾಸ್ಕಿನಿಂದ ಹಾಲನ್ನು ಬಾಟಲಿಗೆ ಬಗ್ಗಿಸಿ, ಎರಡು ಹನಿ ತನ್ನ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡಿ, ಊದಿ, ಇನ್ನೊಮ್ಮೆ ನೋಡಿದಳು.

ಅಕ್ತರ್ ಬೀ ಆ ಎರಡು ಹನಿಗಳನ್ನೇ ನೋಡುತ್ತಾ ಕೂತಳು.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಮಗಳು ಮಿಸ್ಬಾ ಏಳು ತಿಂಗಳ ಕೂಸು. ಅತ್ತೆ ಉಮ್ಮೆ ಹಬೀಬಾ, ಕೂಸಿನ ದಾದಿ ಅಂದರೆ ಅಜ್ಜಿ, ಹಂಡೆಯಿಂದ ಬಿಸಿನೀರು ತೋಡಿ ಬಕೆಟ್ಟಿಗೆ ಹಾಕಿ, "ತಣ್ಣೀರು ಬೆರೆಸಿದ್ದೇನೆ, ಸಾಕೋ ಏನೋ ನೀನೊಮ್ಮೆ ನೋಡಿಕೋ" ಎಂದಿದ್ದಳು. ಅಕ್ತರ್ ಬೀ ಬೆರಳು ಅದ್ದಿ, ಸರಿಯಾಗಿದೆ ಎಂದು ಮೊದಲ ಚೊಂಬನ್ನು ಕೂಸಿನ ಬೆನ್ನಿಗೆ ಸುರಿದಿದ್ದಳು. ಆ ಚೀರಾಟ! ಬೆನ್ನಿನ ಚರ್ಮ ಸುಲಿದು ಬಂದಿತ್ತು. ಮುದುಕಿ ಕುದಿಯುವ ನೀರು ಕೊಟ್ಟು ಮಗುವನ್ನು ಸುಟ್ಟಳು ಎಂದು ಅಕ್ತರ್ ಬೀ ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು. ಅಪ್ಸರ್ ಪಾಷಾ ತಾಯಿಯನ್ನು ಕೇಳಿದ. ಉಮ್ಮೆ ಹಬೀಬಾ ಬಕೆಟ್ಟು ನೋಡಿದಳು, ಸೊಸೆಯನ್ನು ನೋಡಿದಳು, ಬಾಯಿ ಬಿಡಲಿಲ್ಲ. ಸುಮ್ಮನಿದ್ದಳು ಎಂದರೆ ತಪ್ಪು ಅವಳದೇ ಎಂದು ಎಲ್ಲರೂ ತೀರ್ಮಾನಿಸಿದರು. ಆವತ್ತಿನಿಂದ ಆ ಮನೆಯಲ್ಲಿ ಮುದುಕಿಯ ತೊಡೆಗೆ ಮಗು ಕೊಡಲಿಲ್ಲ. ಮೂಲೆಯ ಕೋಣೆಯಲ್ಲಿ ಬೇರೆ ಒಲೆ ಹಾಕಿಕೊಟ್ಟರು. ಹದಿನೇಳು ವರ್ಷ ಹಾಗೇ ಬದುಕಿ ಸತ್ತಳು. ಅಕ್ತರ್ ಬೀ ಆ ಸಾವಿಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

ನೀರು ನೋಡಿದ ಬೆರಳು ಯಾರದು? ಬಸ್ಸಿನ ಕಂಬಿ ಹಿಡಿದ ತನ್ನ ಕೈಯನ್ನು ಅವಳು ನೋಡಿದಳು. ಆಗಲೇ ಶೆಡ್ಡು ಸೇರಿ ಒಂಬತ್ತು ವರ್ಷ ಆಗಿತ್ತಲ್ಲ! ಅದರ ಹಿಂದೆಯೇ ಇನ್ನೊಂದು ನೆನಪು ಬಂತು. ಮಿಸ್ಬಾ ಈಗ ಬಾಣಂತಿಯಾಗಿ ಮನೆಯಲ್ಲಿದ್ದಾಳೆ, ನಾಲ್ಕು ತಿಂಗಳ ಮೊಮ್ಮಗ ಅಕೀಬನಿಗೆ ದಿನಾ ಬೆಳಿಗ್ಗೆ ನೀರು ನೋಡಿ ಹಾಕುವವಳು ತಾನೇ.

ಬಸ್ಸು ಇಳಿದವಳು ಓಡುತ್ತಲೇ ಮನೆ ಸೇರಿದಳು. ಮಿಸ್ಬಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಅಕ್ತರ್ ಬೀ ಬುರ್ಖಾ ಕೂಡ ತೆಗೆಯದೆ ಮೊಮ್ಮಗನ ಅಂಗಿ ಎತ್ತಿ ಬೆನ್ನು, ಹೊಟ್ಟೆ, ತೊಡೆ ಎಲ್ಲ ನೋಡಿದಳು. ಒಂದು ಕಲೆಯೂ ಇರಲಿಲ್ಲ. ಅಲ್ಲೇ ಕುಸಿದು ಕೂತು, ತಮ್ಮ ಮನೆಮಾತಾದ ಉರ್ದುವಿನಲ್ಲಿ, ಉಸಿರು ಸಿಗದೆ, ಗಾಜಿನಿಂದ ಹಿಡಿದು ಲೋಟದವರೆಗೆ ಎಲ್ಲವನ್ನೂ ಹೇಳಿದಳು.

"ನಿನ್ನ ಬೆನ್ನು ಸುಟ್ಟದ್ದು ದಾದಿ ಅಲ್ಲ ಮಿಸ್ಬಾ. ನಾನು."

ಮಿಸ್ಬಾ ಬೆಚ್ಚಲಿಲ್ಲ. ಮಗುವಿನ ಅಂಗಿ ಸರಿಮಾಡುತ್ತಾ, "ಗೊತ್ತು ಅಮ್ಮೀ" ಎಂದಳು.

"ಏನು ಗೊತ್ತು?"

"ದಿನಾ ನೀನು ನೀರು ನೋಡಿ ಟವೆಲ್ ತರೋಕೆ ಒಳಗೆ ಹೋಗ್ತೀಯಲ್ಲ, ಆಗ ನಾನು ಬಕೆಟ್ಟಿಗೆ ಎರಡು ಚೊಂಬು ತಣ್ಣೀರು ಹಾಕ್ತೀನಿ. ನಿನಗೆ ಯಾವತ್ತೂ ಗೊತ್ತಾಗಿಲ್ಲ."

"ಯಾರು ಹೇಳಿದರು ನಿನಗೆ?" ಎಂದು ಅಕ್ತರ್ ಬೀ ಕೇಳಿದಳು.

"ದಾದಿ. ಸಾಯೋದಕ್ಕೆ ಒಂದು ವಾರ ಮೊದಲು. ನಾನು ಚೀರುತ್ತಿದ್ದಾಗ ನಿನ್ನ ಒಂದು ಕೈ ಇನ್ನೂ ಬಕೆಟ್ಟಿನಲ್ಲೇ ಇತ್ತಂತೆ. ಆಗಲೇ ಅವಳಿಗೆ ಗೊತ್ತಾಯಿತಂತೆ."

"ಮತ್ತೆ ಯಾಕೆ ಹೇಳಲಿಲ್ಲ? ನಾನು ಬೀದಿಯಲ್ಲಿ ನಿಂತು ಅಷ್ಟು ಬೈದೆ. ಹದಿನೇಳು ವರ್ಷ ಮೂಲೆಗೆ ಹಾಕಿದೆ. ಒಂದೇ ಒಂದು ಮಾತು ಹೇಳಬಾರದಿತ್ತಾ?"

"ನಾನೂ ಅದನ್ನೇ ಕೇಳಿದೆ" ಎಂದಳು ಮಿಸ್ಬಾ. "ನಿನ್ನ ಅಮ್ಮೀಗೆ ಗೊತ್ತಾದರೆ ಇನ್ನು ಮಗುವನ್ನು ಮುಟ್ಟುವುದಿಲ್ಲ, ಮಗುವಿಗೆ ದಾದಿ ಇಲ್ಲದಿದ್ದರೂ ನಡೆಯುತ್ತೆ, ತಾಯಿ ಇಲ್ಲದೆ ನಡೆಯುತ್ತಾ ಅಂದಳು."

ಹೊರಗೆ ಯಾರೋ ಸೈಕಲ್ಲಿನಲ್ಲಿ ಸೊಪ್ಪು ಕೂಗಿಕೊಂಡು ಹೋದರು. ಅಕೀಬ ಕೈಕಾಲು ಬಡಿಯುತ್ತಾ ಅಜ್ಜಿಯ ಕಡೆ ನೋಡಿ ನಕ್ಕ. ಮಿಸ್ಬಾ ಅವನನ್ನು ಎತ್ತಿ ತಾಯಿಯ ಮಡಿಲಿಗೆ ಹಾಕಿದಳು. ಅಕ್ತರ್ ಬೀ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.