ಎಡಗಡೆ ಕರಡಿ ಉಂಟು

ಬಾಬಣ್ಣ ಸುಳ್ಳು ಹೇಳಲಿಲ್ಲ. ಕುಡಿದೂ ಇರಲಿಲ್ಲ. ಎಡಗಡೆ ಕರಡಿ ಉಂಟು ಎಂದು ಅವರಿಗೆ ಹೇಳಿದವನು ನಾನು — ನಾನೇ. ಅವರ ಬಲಗಾಲು ಹೋದದ್ದು ನನ್ನ ಮಾತಿನಿಂದ. ಕೆಲಸವೂ ಮರ್ಯಾದೆಯೂ ಹೋದದ್ದು ನನ್ನ ಮೌನದಿಂದ. ಮೌನ ಎಂದೆನೇ? ಅಲ್ಲ, ಅದೂ ಪೂರ್ತಿ ಸತ್ಯವಲ್ಲ. ಆ ದಿನ ನಾನು ನಕ್ಕೆ.

ಕಾಪುವಿನ ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲಿಗ ನಾನು. ಐವತ್ತರ ದಶಕದ ಕೊನೆಗೆ ಕಾರ್ಕಳದ ಹತ್ತಿರದ ಒಂದು ಕಲ್ಲುಕೋರೆಯಲ್ಲಿ ರೈಟರ್ ಕೆಲಸ ಸಿಕ್ಕಿತು. ಹಾಜರಿ ಕರೆಯುವುದು, ಹೋದ ಲೋಡು ಬರೆದಿಡುವುದು, ಇಷ್ಟೇ ಕೆಲಸ. ಬಾಬಣ್ಣ ಅಲ್ಲಿಯ ಲಾರಿ ಡ್ರೈವರ್, ಹಿರಿಯಡ್ಕದವರು, ನನಗಿಂತ ಬಹಳ ದೊಡ್ಡವರು. ನನಗೆ ಉಳಿದುಕೊಳ್ಳಲು ಜಾಗವಿಲ್ಲದಾಗ ತಮ್ಮ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟವರು ಅವರು. ಗಂಜಿ ಬಡಿಸಿ, ಮೀನಿನ ದೊಡ್ಡ ತುಂಡು ನನ್ನ ಬಟ್ಟಲಿಗೇ ಹಾಕುತ್ತಿದ್ದರು. ಕ್ರೈಸ್ತರನ್ನು ಇಲ್ಲಿ ಕರೆಯುವ ಹಾಗೆ ನನ್ನನ್ನು ‘ಪೊರ್ಬುಲೇ’ ಎನ್ನುತ್ತಿದ್ದರು. ನಾನು ಪ್ರಾಯದಲ್ಲಿ ಸಣ್ಣವನಾದರೂ ಒಂದು ದಿನವೂ ಏಕವಚನದಲ್ಲಿ ಮಾತನಾಡಿಸಲಿಲ್ಲ.

ನಮ್ಮ ಜಲ್ಲಿ ಅಜೆಕಾರು ಕಡೆಯ ರಸ್ತೆ ಕೆಲಸಕ್ಕೆ ಹೋಗುತ್ತಿತ್ತು. ಆ ಕೆಲಸದ ಇಂಜಿನಿಯರು ಮದ್ರಾಸಿನವರು. ಅವರಿಗೆ ತುಳುವೂ ಬಾರದು, ಕನ್ನಡವೂ ಬಾರದು. ಕೋರೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂದು ಎಲ್ಲರೂ ನಂಬಿದ್ದರು. ನಾನೂ ಹಾಗೆ ನಂಬಲು ಬಿಟ್ಟಿದ್ದೆ. ಇಂಜಿನಿಯರು ಹೇಳಿದ್ದರಲ್ಲಿ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಊಹೆ. ‘ಯಸ್ ಸರ್’ ಎಂದುಬಿಡುತ್ತಿದ್ದೆ. ಊಹೆ ಹೆಚ್ಚಾಗಿ ಸರಿಯಾಗುತ್ತಿತ್ತು — ಅದೇ ನನ್ನನ್ನು ಹಾಳು ಮಾಡಿತು.

ಆ ಮಧ್ಯಾಹ್ನ ಅವರು ಜೀಪಿನಿಂದ ಇಳಿಯಲೂ ಇಲ್ಲ. ಮೋರಿ ದಾಟಿದ ಮೇಲೆ ‘ಬೇರ್ ಲೆಫ್ಟ್’ ಎಂದು ಡ್ರೈವರಿಗೆ ಹೇಳು, ಮರೆಯಬೇಡ ಎಂದರು. ಬೇರ್ ಅಂದರೆ ಕರಡಿ. ಶಾಲೆಯ ಪುಸ್ತಕದಲ್ಲಿ ಚಿತ್ರದ ಕೆಳಗೆ ಬರೆದಿತ್ತು. ನನಗೆ ಗೊತ್ತಿದ್ದದ್ದು ಅದೊಂದೇ ಅರ್ಥ. ಅಜೆಕಾರು ಕಡೆ ಹಲಸಿನ ಹಣ್ಣಿಗೆ ಕರಡಿ ಬರುತ್ತದೆಂದು ಆಗ ಸುದ್ದಿಯೂ ಇತ್ತು. ಆದರೂ ಏನೋ ಹೊಂದುತ್ತಿಲ್ಲ ಎನಿಸಿತು. ಲೆಫ್ಟ್ ಅಂದರೆ ಎಡಗಡೆಯೋ, ಹೊರಟುಹೋಯಿತು ಎಂದೋ — ಒಂದು ಮಾತು ಕೇಳಬಹುದಿತ್ತು. ಸುತ್ತ ಕಲ್ಲು ಒಡೆಯುವವರು ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಕೇಳಿದರೆ ನನ್ನ ಇಂಗ್ಲಿಷು ಎಷ್ಟೆಂದು... ಕೇಳಲಿಲ್ಲ. ‘ಯಸ್ ಸರ್’ ಎಂದೆ.

ಬಾಬಣ್ಣನಿಗೆ ಹೇಳಿದೆ, “ಮೋರಿ ದಾಟಿದ ಮೇಲೆ ಎಡಗಡೆ ಕರಡಿ ಉಂಟಂತೆ. ನೀವು ಬಲಕ್ಕೆ ಹೋಗಿ.”

ಅವರು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದರು. “ಲಾರಿಗೆ ಕರಡಿ ಎಂತ ಮಾಡುತ್ತದೆ ಪೊರ್ಬುಲೇ? ಬಲಗಡೆಯದ್ದು ಹೊಸ ಮಣ್ಣಲ್ವಾ. ಸರಿಯಾಗಿ ಕೇಳಿದ್ದೀರಾ?”

“ಇಂಗ್ಲಿಷ್ ನಿಮಗೆ ಗೊತ್ತುಂಟಾ, ನನಗೆ ಗೊತ್ತುಂಟಾ?” ಎಂದೆ.

ಅವರು ಗೇರು ಹಾಕಿದರು. ಲಾರಿ ಹೊರಟಿತು.

ಬಲಗಡೆಯ ಹೊಸ ಮಣ್ಣು ಭಾರಕ್ಕೆ ಕುಸಿದು ಲಾರಿ ಮಗುಚಿತು. ಬಾಬಣ್ಣನ ಕಾಲು ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಉಡುಪಿಯ ಆಸ್ಪತ್ರೆಯಲ್ಲಿ ಅದನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿದರು.

ಕೆಲವು ದಿನ ಕಳೆದು ನಮ್ಮ ಕೋರೆಯ ಧಣಿ ಮತ್ತು ಇಂಜಿನಿಯರು ವಿಚಾರಿಸಲು ಆಸ್ಪತ್ರೆಗೆ ಬಂದರು. ನನ್ನನ್ನೂ ಕರೆತಂದಿದ್ದರು. “ನಾನು ಬೇರ್ ಲೆಫ್ಟ್ ಎಂದಿದ್ದೆ” ಎನ್ನುತ್ತ ಇಂಜಿನಿಯರು ಅಂಗೈಯನ್ನು ಎಡಕ್ಕೆ ಬಾಗಿಸಿ ತೋರಿಸಿದರು. ಆ ಕೈ ಬಾಗಿದ್ದು ನೋಡಿದ ಕ್ಷಣ ನನಗೆ ಗೊತ್ತಾಯಿತು. ತಿರುಗು. ಎಡಕ್ಕೆ ತಿರುಗು. ಅಷ್ಟೇ ಇತ್ತು.

“ನೀನು ಹೇಳಿದ್ದೆಯಾ?” ಎಂದು ಧಣಿ ಕೇಳಿದರು.

“ಎಡಕ್ಕೇ ಹೋಗಿ ಅಂತ ಹೇಳಿದ್ದೆ” ಎಂದೆ.

ಬಾಬಣ್ಣ ತಲೆ ಎತ್ತಿದರು. ಕೋಪವಿರಲಿಲ್ಲ — ಕೋಪವಾದರೂ ಇದ್ದಿದ್ದರೆ! “ಇಲ್ಲ ಧಣಿ, ಎಡಗಡೆ ಕರಡಿ ಉಂಟು ಅಂತ ಪೊರ್ಬು ಹೇಳಿದರು” ಎಂದರು.

ಧಣಿ ನಕ್ಕರು. “ಮಟಮಟ ಮಧ್ಯಾಹ್ನ ಶೇಂದಿ ಕುಡಿದರೆ ಕರಡಿ ಅಲ್ಲ, ಆನೆಯೂ ಕಾಣುತ್ತದೆ” ಎಂದರು. ಪಕ್ಕದ ಮಂಚದವನು ನಕ್ಕ. ಧಣಿ ನನ್ನ ಕಡೆ ನೋಡಿದರು — ನಾನೂ ನಕ್ಕೆ. ಬಾಬಣ್ಣ ನನ್ನ ಬಾಯನ್ನೇ ನೋಡುತ್ತಿದ್ದರು.

ಕುಡಿದು ಲಾರಿ ಬಿಟ್ಟವನೆಂದು ಪರಿಹಾರವಿಲ್ಲದೆ ಅವರನ್ನು ಕೆಲಸದಿಂದ ತೆಗೆದರು. ಅವರ ಹೆಂಡತಿ ಸುಂದರಿಯಕ್ಕ ಹಿರಿಯಡ್ಕದಿಂದ ನಡೆದೇ ಕೋರೆಗೆ ಬಂದರು, ಮಗುವನ್ನು ಸೊಂಟದಲ್ಲಿ ಹೊತ್ತುಕೊಂಡು. “ನೀವು ಒಂದು ಮಾತು ಹೇಳಿದರೆ ಸಾಕು ಪೊರ್ಬುಲೇ. ಅವರು ಕುಡಿದಿರಲಿಲ್ಲ ಅಂತ, ಅಷ್ಟಾದರೂ.” ಅಷ್ಟಾದರೂ! ನಾನು ಕೋರೆಯ ಕಲ್ಲುಗಳನ್ನು ನೋಡುತ್ತ, “ನಾನೆಂತ ಹೇಳಲಿ ಅಕ್ಕ, ನಾನು ಅಲ್ಲಿ ಇರಲಿಲ್ಲವಲ್ಲ” ಎಂದೆ. ಬಿಸಿಲು ಇಳಿಯುವವರೆಗೂ ಅವರು ಅಲ್ಲೇ ಕೂತಿದ್ದರು. ನಾನು ಒಂದು ಲೋಟ ನೀರೂ ಕೊಡಲಿಲ್ಲ.

ಆಮೇಲೆ ಪರಿಚಯದ ಮೇಷ್ಟ್ರೊಬ್ಬರ ಮನೆಯಲ್ಲಿ ನಿಘಂಟು ತೆಗೆದು ನೋಡಿದೆ. ಆ ಒಂದು ಶಬ್ದಕ್ಕೆ ಎಷ್ಟು ಅರ್ಥ! ಕರಡಿ ಮಾತ್ರವಲ್ಲ, ಹೊರುವುದು, ಸಹಿಸುವುದು, ಹೆರುವುದು, ಮರ ಫಲ ಬಿಡುವುದು, ಒಂದು ಕಡೆಗೆ ತಿರುಗುವುದು. ಸಾಕ್ಷಿ ನುಡಿಯುವುದಕ್ಕೂ ಅದೇ ಶಬ್ದವಂತೆ. ಅದನ್ನು ಓದಿ ಪುಸ್ತಕ ಮುಚ್ಚಿದೆ. ಆಗಲೂ ಕಾಲ ಮಿಂಚಿರಲಿಲ್ಲ. ಮರುದಿನವೇ ಧಣಿಯ ಎದುರು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವನು ಎಂಬ ಇಂಜಿನಿಯರರ ಶಿಫಾರಸಿನಿಂದ ಮಣಿಪಾಲದ ಒಂದು ಕಚೇರಿಯಲ್ಲಿ ನನಗೆ ಕೆಲಸವಾಯಿತು. ಮದುವೆಯಾಯಿತು, ಮಕ್ಕಳಾದರು. ಪ್ರತಿ ವರ್ಷ ಪಾಸ್ಕದ, ಎಂದರೆ ಈಸ್ಟರ್ ಹಬ್ಬದ ಮೊದಲು ಪಾದ್ರಿಗಳ ಎದುರು ಮೊಣಕಾಲೂರಿ ಸಣ್ಣಪುಟ್ಟ ಪಾಪಗಳನ್ನೆಲ್ಲ ಹೇಳಿದೆ. ಇದನ್ನು ಹೇಳಲಿಲ್ಲ. ಬಾಯಿಯವರೆಗೆ ಬಂದು ಮತ್ತೆ...

ಒಮ್ಮೆ ಕಾರ್ಕಳಕ್ಕೆ ಹೋಗುವಾಗ ಬಸ್ಸು ಹಿರಿಯಡ್ಕದಲ್ಲಿ ನಿಂತಿತು. ಹೊಟೇಲಿನ ಜಗಲಿಯಲ್ಲಿ ಕೂತ ಗಂಡಸರು ಯಾರನ್ನೋ “ಕರಡಿ ಬಾಬಣ್ಣ, ಇವತ್ತು ಎಷ್ಟು ಕಂಡಿತು?” ಎಂದು ಕೇಳುತ್ತಿದ್ದರು. ಊರುಗೋಲಿನ ಮೇಲೆ ಬಗ್ಗಿದ ಮನುಷ್ಯನೊಬ್ಬ ತಲೆ ತಗ್ಗಿಸಿ ರಸ್ತೆ ದಾಟುತ್ತಿದ್ದ. ಬಾಬಣ್ಣ ಮುಖ ಎತ್ತಿದಾಗ ಬಸ್ಸಿನ ಕಿಟಕಿಯಲ್ಲಿ ನಾನು ಅವರಿಗೆ ಕಂಡೆ. “ಪೊರ್ಬುಲೇ, ಸೌಖ್ಯ ಉಂಟಾ?” ಎಂದರು. ಬೇರೇನೂ ಕೇಳಲಿಲ್ಲ. ನಾನು ತಲೆಯಾಡಿಸಿದೆ. ಇಳಿಯಬೇಕಿತ್ತು. ಬಸ್ಸು ಹೊರಟಿತು. ನಾನು ಒಳಗೇ ಇದ್ದೆ.

ಕಳೆದ ಮಳೆಗಾಲದಲ್ಲಿ ಬಾಬಣ್ಣ ತೀರಿಕೊಂಡರು. ಸುದ್ದಿ ತಡವಾಗಿ ತಿಳಿಯಿತು. ಅಂದಿನಿಂದ ಅನ್ನ ಸೇರುವುದಿಲ್ಲ, ಹೆಂಡತಿಯ ಮುಖ ನೋಡಲಾಗುವುದಿಲ್ಲ. ಈ ಭಾನುವಾರ ಚರ್ಚಿನ ಪೂಜೆ ಮುಗಿಸಿದವನೇ ಹಿರಿಯಡ್ಕಕ್ಕೆ ಹೋದೆ. ಸುಂದರಿಯಕ್ಕ ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ — ಆ ಶಬ್ದ, ನನ್ನ ಜಂಬ, ಆಸ್ಪತ್ರೆ, ನನ್ನ ನಗು. ಅವರ ಕೈ ನಿಂತಿತು. ಅಳಲಿಲ್ಲ, ಬೈಯಲಿಲ್ಲ. ಮಡಲನ್ನು ಬದಿಗಿಟ್ಟು ಹೇಳಿದರು:

“ಮೊದಮೊದಲು ನೀವು ಹೇಳಿದ್ದೇ ಹೌದು ಅಂತ ಆಣೆ ಹಾಕುತ್ತಿದ್ದರು. ಎಲ್ಲರೂ ನಕ್ಕು ನಕ್ಕು... ಆಮೇಲೆ ಅವರಿಗೇ ಸಂಶಯ ಬಂತು. ‘ನನಗೇ ತಪ್ಪು ಕೇಳಿರಬೇಕು, ಪೊರ್ಬು ಸುಳ್ಳು ಹೇಳುವವರಲ್ಲ’ ಅನ್ನಲಿಕ್ಕೆ ಶುರು ಮಾಡಿದರು. ಸಾಯುವಾಗಲೂ ಅದನ್ನೇ ಹೇಳಿದ್ದು.”

ಕಾಲು ಹೋದದ್ದು, ಕೆಲಸ ಹೋದದ್ದು ನನಗೆ ಗೊತ್ತಿತ್ತು. ಆ ಮನುಷ್ಯ ತನ್ನ ಕಿವಿಯನ್ನೇ ನಂಬದ ಹಾಗೆ ಮಾಡಿ ಕಳುಹಿಸಿದ್ದೇನೆಂದು ಗೊತ್ತಿರಲಿಲ್ಲ.

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. “ನನಗೆ ಹೇಳಿ ಎಂತ ಪ್ರಯೋಜನ? ಅವರು ಕುಡಿದಿರಲಿಲ್ಲ ಅಂತ ನನಗೆ ಮೊದಲೇ ಗೊತ್ತುಂಟು. ಪೇಟೆಯಲ್ಲಿ ಹೇಳಿ, ಆ ಹೊಟೇಲಿನಲ್ಲಿ ಕೂತವರಿಗೆ. ನಾನು ಬರುವುದಿಲ್ಲ. ನೀವೊಬ್ಬರೇ ಹೇಳಬೇಕು.”

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತೇನೆ. ಅಲ್ಲಿ ಕೂತವರಲ್ಲಿ ಅರ್ಧ ಜನರಿಗೆ ಬಾಬಣ್ಣ ಲಾರಿ ಬಿಡುತ್ತಿದ್ದ ಕಾಲದ ನೆನಪೇ ಇರಲಿಕ್ಕಿಲ್ಲ. ಇದ್ದವರಿಗೆ ಹೇಳುತ್ತೇನೆ.