ಬೇಟೆಗಾರನ ಚೌಕದೊಳಗೆ

ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ನಮ್ಮದು. ರವಿವಾರ ಪೇಟೆಯ ಬೆಲ್ಲದ ಅಂಗಡಿಯಿಂದ ಬಂದು ಉಂಡು ಕೈ ತೊಳೆದರೆ, ಮಲಗುವ ತನಕ ಉದ್ದ ಸಂಜೆ. ಐವತ್ತು ದಾಟಿದ ಮೇಲೆ ಆ ಹೊತ್ತಿನಲ್ಲಿ ನನಗೆ ಆಕಾಶದ ಫೋಟೊ ತೆಗೆಯುವ ಹುಚ್ಚು ಹಿಡಿಯಿತು. ಬೆಳಗಾವಿಯ ದೀಪಗಳ ನಡುವೆ ಆ ಆಟ ನಡೆಯದು. ಹಾಗಾಗಿ ಖಾನಾಪುರಕ್ಕೆ, ಹೆಂಡತಿಯ ತವರಿಗೆ ಹೋದಾಗೆಲ್ಲ ಮಾಳಿಗೆ ಹತ್ತಿ ಮೊಬೈಲನ್ನು ನೀರಿನ ಟಾಕಿಗೆ ಆನಿಸಿ ಇಡುತ್ತಿದ್ದೆ. ಆಮೇಲೆ ಫೋಟೊದ ಮೇಲೆ ಗೆರೆ ಎಳೆದು ಇದು ರೋಹಿಣಿ, ಇದು ಕೃತ್ತಿಕೆ ಎಂದು ಗುರುತಿಸುವುದೇ ಒಂದು ಸುಖ.

ಹೋದ ಚಳಿಗಾಲದಲ್ಲಿ ಆ ಸುಖಕ್ಕೆ ಕಲ್ಲು ಬಿತ್ತು. ನಾಲ್ಕು ಮೂಲೆಗಳ ನಡುವೆ ಸಾಲಾಗಿ ಮೂರು ಚುಕ್ಕಿ ಇರುವ ಬೇಟೆಗಾರ, ಅಂದರೆ ಮಹಾವ್ಯಾಧ ನಕ್ಷತ್ರಪುಂಜ, ಫೋಟೊದಲ್ಲಿ ಗುರುತೇ ಸಿಗಲೊಲ್ಲ. ಆ ಚೌಕದೊಳಗೆ ಸಾಸಿವೆ ಚೆಲ್ಲಿದಷ್ಟು ಚುಕ್ಕಿ. ತಲೆಯೆತ್ತಿದರೆ ನನಗೆ ಕಂಡದ್ದು ಬೆರಳೆಣಿಕೆಯಷ್ಟು. ನನ್ನ ಕಣ್ಣೇ ಮಂದವಾಗುತ್ತಿದೆಯೇ? ಅಪ್ಪ ಕಣ್ಣು ಕಳೆದುಕೊಂಡದ್ದು ಹೀಗೆಯೇ. ಮೊದಲು ಕತ್ತಲೆಯ ನೋಟ ಹೋಯಿತು, ಆಮೇಲೆ ಹಗಲಿನದು.

ಡಾಕ್ಟರರ ಹತ್ತಿರ ಹೋಗಲಿಲ್ಲ. ಅವರು ಹೌದು ಎಂದುಬಿಟ್ಟರೆ? ಯಾರಿಗೂ ಹೇಳದೆ, ಕತ್ತಲಾದ ಮೇಲೆ ಸ್ಕೂಟರ್ ಮುಟ್ಟುವುದನ್ನು ಬಿಟ್ಟೆ. ಸಂಜೆ ದೇಸೂರಿನ ನಾದಿನಿಯ ಮನೆಗೆ ಹೋಗೋಣ ಎಂದು ಹೆಂಡತಿ ಕೇಳಿದಾಗೆಲ್ಲ ಒಂದೊಂದು ನೆವ ಹೇಳಿದೆ.

ಮತ್ತೊಮ್ಮೆ ಖಾನಾಪುರಕ್ಕೆ ಹೋದಾಗ ಹೆಂಡತಿ ಶಾಲು ಕೊಡಲು ಮಾಳಿಗೆಗೆ ಬಂದಳು. ಇನ್ನು ತಡೆಯಲಾಗಲಿಲ್ಲ. ಆ ನಾಲ್ಕು ಮೂಲೆ ತೋರಿಸಿ, ಒಳಗೆ ಎಷ್ಟು ಕಾಣುತ್ತವೆ ಎಂದು ಕೇಳಿದೆ.

"ನಡಕ ಮೂರು. ಅದರ ಕೆಳಗ ಸಣ್ಣವು ಎರಡೋ ಮೂರೋ. ಅಷ್ಟರೀ."

ನನಗೂ ಅಷ್ಟೇ! ಫೋಟೊ ತೋರಿಸಿ, ಹಾಗಾದರೆ ಇದರಲ್ಲಿ ಇಷ್ಟೇಕೆ ಎಂದೆ.

"ನಳ ಸಣ್ಣಗ ಬಂದಾಗ ಕೊಡ ಇಟ್ಟ ಕುಂದರ್ತೀವಲ್ರಿ, ಹಂಗ ಈ ಮೊಬೈಲ. ಹೊತ್ತ ಹಿಡದು ಬೆಳಕ ತುಂಬ್ಕೊಂತೈತಿ. ನಮ್ಮ ಕಣ್ಣಂದ್ರ ಬರೇ ಬೊಗಸಿ."

ಫೋಟೊ ಮೂಡಲು ಹಿಡಿಯುವ ಎರಡು ಮೂರು ನಿಮಿಷ ಯಾರೂ ಟಾಕಿ ಅಲುಗಾಡಿಸಬಾರದೆಂದು ಮನೆಮಂದಿಯನ್ನೆಲ್ಲ ಗದರಿಸುತ್ತಿದ್ದವನು ನಾನೇ. ಯಾಕೆ ಅಲುಗಾಡಬಾರದು ಎಂದು ಮಾತ್ರ ಯೋಚಿಸಿರಲಿಲ್ಲ! ಮುಂದಿನ ವಾರ ಕಣ್ಣಿನ ಡಾಕ್ಟರರೂ ಪರೀಕ್ಷಿಸಿ ಏನೂ ಇಲ್ಲ ಎಂದರು. ಆದರೆ ಎದೆ ಹಗುರಾದದ್ದು ಆ ಮಾಳಿಗೆಯ ಮೇಲೆಯೇ. ಅಲ್ಲೇ, ನಗುತ್ತ ಅವಳಿಗೆ ಅಪ್ಪನ ಕಣ್ಣಿನ ಕಥೆ, ನನ್ನ ಅಂಜಿಕೆ, ಎಲ್ಲ ಹೇಳಿಬಿಟ್ಟೆ.

ಅವಳು ನಗಲಿಲ್ಲ. ಶಾಲನ್ನು ನನ್ನ ಹೆಗಲಿಗೆ ಹೊದಿಸಿದಳು.

"ನನ್ನ ಕೂಡ ಹೊರಗ ಬರೂದ ಬ್ಯಾಸರಾಗೇತಿ ನಿಮಗ ಅಂತ ತಿಳ್ಕೊಂಡಿದ್ನಿರಿ," ಎಂದಳು.